ಮೂರು ಡಬ್ಬಿ ಮೂಳೆ, ಎಂಟು ದಿನ: ಒಂದು ಅಸ್ಥಿ ಸಂಗ್ರಹದಲ್ಲಿ ಕೂತು ಬಂದವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಇದು ಮ್ಯೂಸಿಯಂ ವಿಮರ್ಶೆ ಅಲ್ಲ. ಗಾಜಿನ ಹಿಂದೆ ನಿಂತ ಆನೆಯ ಅಸ್ಥಿಪಂಜರದ ಮುಂದೆ ಫೋಟೋ ತೆಗೆಸಿಕೊಂಡು ಬರುವ ಜಾಗವಲ್ಲ ಇದು. ಉತ್ಖನನದಲ್ಲಿ ಸಿಕ್ಕ ಮೂಳೆ ಚೂರು ಯಾವ ಪ್ರಾಣಿಯದು ಅಂತ ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ಇಟ್ಟುಕೊಂಡಿರುವ, ಇವತ್ತಿನ ಪ್ರಾಣಿಗಳ ಮೂಳೆಗಳ ಸಂಗ್ರಹ. ಈ ಕೆಲಸದವರು ರೆಫರೆನ್ಸ್ ಕಲೆಕ್ಷನ್ ಅನ್ನುತ್ತಾರೆ. ನಾನು ಮೂರು ಡಬ್ಬಿ ಹೊತ್ತುಕೊಂಡು ಹೋಗಿ ಅಲ್ಲಿ ಎಂಟು ದಿನ ಕೂತಿದ್ದೆ. ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಒಂದೆರಡು ದೂರು ಇವೆ, ಮತ್ತೆ ಅಲ್ಲಿಗೇ ಹೋಗಬೇಕು.

ಒಳಗೆ ಕಾಲಿಟ್ಟ ತಕ್ಷಣ ನಮ್ಮಲ್ಲಿ ಎಷ್ಟು ಜಾತಿ ಪ್ರಾಣಿ ಇವೆ ಅಂತ ಪಟ್ಟಿ ತೋರಿಸಿದರು. ಹುಲಿ ಇದೆ, ಕರಡಿ ಇದೆ, ಮೊಸಳೆ ಇದೆ. ಚೆನ್ನಾಗಿದೆ, ಆದರೆ ನನಗೆ ಅದು ಬೇಕಿರಲಿಲ್ಲ. ಮನುಷ್ಯರು ಬದುಕಿದ ಜಾಗ ಅಗೆದರೆ ಜಾಸ್ತಿ ಸಿಗುವುದು ಕುರಿ, ಆಡು, ದನ, ಹಂದಿ, ಕೋಳಿ, ನಾಯಿ. ನನ್ನ ಡಬ್ಬಿಯಲ್ಲೂ ಅಷ್ಟೇ. ಕುರಿ ಎಷ್ಟಿವೆ ಅಂತ ಕೇಳಿದೆ. 11 ಅಂದರು. ಆಡು? 9. ಗಂಡು, ಹೆಣ್ಣು, ಮರಿ, ಮುದಿ ಎಲ್ಲ ಸೇರಿ. ಅಷ್ಟು ಕೇಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತೆ.

ಕುರಿ ಮತ್ತು ಆಡಿನ ಗೋಳು ಗೊತ್ತಿಲ್ಲದವರಿಗೆ ಇದೇನು ದೊಡ್ಡ ವಿಷಯ ಅನ್ನಿಸಬಹುದು. ಬದುಕಿರುವಾಗ ಬಾಲ ನೋಡಿದರೂ ಸಾಕು, ಆಡಿನದು ಮೇಲಕ್ಕೆ, ಕುರಿಯದು ಕೆಳಕ್ಕೆ. ಚರ್ಮ ಮಾಂಸ ಹೋದ ಮೇಲೆ ಎರಡೂ ಒಡಹುಟ್ಟಿದ ಅಣ್ಣತಮ್ಮಂದಿರ ಥರ. ಒಂದು ಪಕ್ಕೆಲುಬಿನ ಚೂರು ಕೊಟ್ಟು ಇದು ಯಾವುದು ಅಂತ ಕೇಳಿದರೆ ಅನುಭವ ಇರುವವರು ‘ಕುರಿ ಅಥವಾ ಆಡು’ ಅಂತ ಬರೆದು ಮುಂದಕ್ಕೆ ಹೋಗುತ್ತಾರೆ. ವ್ಯತ್ಯಾಸ ಕಾಣುವುದು ಕೆಲವೇ ಜಾಗದಲ್ಲಿ: ಹಿಮ್ಮಡಿ ಮೂಳೆ, ತೋಳಿನ ಮೂಳೆಯ ಕೆಳತುದಿ, ಭುಜದ ಹಲಗೆ ಮೂಳೆಯ ಕತ್ತು, ಕಾಲಿನ ಕೊಳವೆ ಮೂಳೆಗಳು, ಹೀಗೆ. ಜರ್ಮನಿಯ ಯೋಆಖಿಮ್ ಬೋಸ್ನೆಕ್ ಮತ್ತು ಜೊತೆಗಾರರು 1964ರಲ್ಲಿ ಈ ಗುರುತುಗಳನ್ನು ಒಂದೊಂದಾಗಿ ಬರೆದಿಟ್ಟರು, ಇವತ್ತಿಗೂ ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. 2010ರಲ್ಲಿ ಮೆಲಿಂಡಾ ಝೀಡರ್ ಮತ್ತು ಹೆದರ್ ಲ್ಯಾಪಮ್ ಅಂಥ ಗುರುತುಗಳನ್ನು ಯಾವ ಪ್ರಾಣಿ ಅಂತ ಮೊದಲೇ ಗೊತ್ತಿರುವ ಅಸ್ಥಿಪಂಜರಗಳ ಮೇಲೆ ಪರೀಕ್ಷೆ ಮಾಡಿ ನೋಡಿದರು. ಗಮನಿಸಿ, ಆ ಪರೀಕ್ಷೆಗೂ ಬೇಕಾಗಿದ್ದು ಇಂಥದ್ದೇ ಸಂಗ್ರಹ.

ನನ್ನ ಹತ್ತಿರ ಮುಂಗಾಲಿನ ಕೊಳವೆ ಮೂಳೆಯ ಕೆಳತುದಿ ಒಂದಿತ್ತು, ಹೆಬ್ಬೆರಳಿನಷ್ಟು ಚೂರು. ಬೆರಳ ಮೂಳೆಗಳು ಬಂದು ಕೂರುವ ಕಡೆ ಅದು. ಅಲ್ಲಿ ಎರಡು ಉರುಳೆ ಥರ ಇರುತ್ತವೆ, ಎರಡು ಗೊರಸಿಗೆ ಎರಡು. ಪ್ರತಿ ಉರುಳೆಯ ನಡುವೆ ಒಂದು ಏಣು. ಏಣಿನ ಹೊರಬದಿ ಆಡಿನಲ್ಲಿ ಚಿವುಟಿದ ಹಾಗೆ ಸಣ್ಣದಾಗಿರುತ್ತದೆ, ಕುರಿಯಲ್ಲಿ ಅಷ್ಟು ಸಣ್ಣದಿರುವುದಿಲ್ಲ. ಪುಸ್ತಕದ ಚಿತ್ರದಲ್ಲಿ ಇದು ಹಗಲಿನಷ್ಟು ಸ್ಪಷ್ಟ. ಕೈಯಲ್ಲಿ ಹಿಡಿದಾಗ ಅನುಮಾನ ಶುರುವಾಗುತ್ತದೆ. ಇಷ್ಟು ಚಿವುಟಿದ್ದು ಸಾಕಾ, ಇನ್ನೂ ಜಾಸ್ತಿ ಇರಬೇಕಾ? ಹಾಗಾಗಿ ಮರಿಗಳನ್ನು ಬಿಟ್ಟು ಉಳಿದ ಎಲ್ಲ ಕುರಿ, ಎಲ್ಲ ಆಡಿನ ಅದೇ ಮೂಳೆಯನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ನನ್ನ ಚೂರನ್ನು ಆ ತುದಿಯಿಂದ ಈ ತುದಿಗೆ ಓಡಾಡಿಸಿದೆ. ಆಡಿನ ಸಾಲಿನಲ್ಲಿ ಕೊನೆಗೆ ಒಂದು ದಪ್ಪ ಹೋತ ಇತ್ತು. ಅದರ ಉರುಳೆ ಮಿಕ್ಕ ಆಡುಗಳಿಗಿಂತ ಕುರಿಯ ಕಡೆಗೇ ಹತ್ತಿರ. ನೆನಪಿಟ್ಟುಕೊಳ್ಳಿ, ಇಡೀ ಸಂಗ್ರಹದಲ್ಲಿ ಒಂದೇ ಆಡು ಇದ್ದು ಅದು ಈ ಹೋತವೇ ಆಗಿದ್ದಿದ್ದರೆ ನನ್ನ ಪಟ್ಟಿ ಪೂರ್ತಿ ತಲೆಕೆಳಗಾಗುತ್ತಿತ್ತು, ನನಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಜಾತಿ ಎಷ್ಟು ಅಂತ ಹೊಗಳಿಕೊಳ್ಳುವ ಸಂಗ್ರಹಗಳ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಒಂದು ಹುಲಿಯ ಬದಲು ಇನ್ನೂ ಐದು ಆಡು ಇಡಿ ಸ್ವಾಮಿ.

ಹುಲಿಯ ಮಾತು ಬಂತಲ್ಲ, ಅದೊಂದು ಹೇಳಿಬಿಡುತ್ತೇನೆ. ಆ ಹುಲಿ ಮೃಗಾಲಯದ್ದು. ವರ್ಷಗಟ್ಟಲೆ ಬೋನಿನಲ್ಲಿ ಬದುಕಿದ ಪ್ರಾಣಿಯ ಮೂಳೆ ಕಾಡಿನ ಪ್ರಾಣಿಯ ಹಾಗೆ ಇರಬೇಕು ಅಂತೇನಿಲ್ಲ. ಕೀಲು ಸವೆದಿರುತ್ತವೆ, ಬೆನ್ನುಮೂಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೆಲವೊಮ್ಮೆ ತಲೆಬುರುಡೆಯ ಆಕಾರವೇ ಬೇರೆಯಾಗಿರುತ್ತದೆ. ಚೀಟಿಯ ಮೇಲೆ ‘ಮೃಗಾಲಯ’ ಅಂತ ಬರೆದಿದ್ದರು, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಎಷ್ಟೋ ಕಡೆ ಅದನ್ನೂ ಬರೆಯುವುದಿಲ್ಲ.

ಜೋಡಣೆಯ ಬಗ್ಗೆ ನನಗೆ ತುಂಬಾ ಇಷ್ಟವಾದದ್ದು ಅವರ ಅಡ್ಡ ಟ್ರೇಗಳು. ಸಾಮಾನ್ಯವಾಗಿ ಒಂದು ಪ್ರಾಣಿಗೆ ಒಂದು ಡಬ್ಬಿ, ಅದರೊಳಗೆ ತಲೆಯಿಂದ ಬಾಲದವರೆಗೆ ಎಲ್ಲ ಮೂಳೆ. ಅದು ಬೇಕೇ ಬೇಕು. ಆದರೆ ಕೈಯಲ್ಲಿರುವ ಚೂರು ಯಾವ ಪ್ರಾಣಿಯದು ಅಂತಲೇ ಗೊತ್ತಿಲ್ಲದಾಗ ಯಾವ ಡಬ್ಬಿ ತೆರೆಯುತ್ತೀರಿ? ಹದಿನೈದು ಡಬ್ಬಿ ಇಳಿಸಬೇಕು, ಹದಿನೈದು ತೊಡೆ ಮೂಳೆ ಹುಡುಕಬೇಕು, ಮತ್ತೆ ಎಲ್ಲ ವಾಪಸ್ ಇಡಬೇಕು. ಇವರು ಮಾಮೂಲಿ ಪ್ರಾಣಿಗಳಿಗೆ ಎರಡನೇ ಸೆಟ್ ಇಟ್ಟಿದ್ದಾರೆ. ಅದರಲ್ಲಿ ಒಂದು ಟ್ರೇ ತುಂಬಾ ಬರೀ ತೊಡೆ ಮೂಳೆ, ಇನ್ನೊಂದರಲ್ಲಿ ಬರೀ ಭುಜದ ಮೂಳೆ, ಮೊಲದಿಂದ ದನದವರೆಗೆ ಗಾತ್ರದ ಸಾಲಿನಲ್ಲಿ, ಎಡಗಡೆಯದು ಮೇಲೆ ಬಲಗಡೆಯದು ಕೆಳಗೆ. ಟ್ರೇ ಎಳೆಯಿರಿ, ಚೂರು ಇಡಿ, ಅರ್ಧ ನಿಮಿಷದಲ್ಲಿ ಇದು ನಾಯಿಗಿಂತ ದೊಡ್ಡದು, ದನಕ್ಕಿಂತ ಚಿಕ್ಕದು ಅಂತ ಗೊತ್ತಾಗುತ್ತದೆ.

ಆ ಟ್ರೇಯಿಂದಲೇ ಒಂದು ಜಿಂಕೆ ಸಿಕ್ಕಿತು. ನಾನು ಆಡು ಅಂತ ಪಕ್ಕಕ್ಕಿಟ್ಟಿದ್ದ ಹಿಂಗಾಲಿನ ಕೊಳವೆ ಮೂಳೆ. ಅದರ ಮುಂಬದಿಯಲ್ಲಿ ಉದ್ದಕ್ಕೂ ಒಂದು ತೋಡು ಇರುತ್ತದೆ. ಕುರಿ, ಆಡು, ದನಗಳಲ್ಲಿ ಆ ತೋಡು ಕೆಳತುದಿಯಲ್ಲೂ ತೆರೆದೇ ಇರುತ್ತದೆ. ಜಿಂಕೆ ಜಾತಿಯಲ್ಲಿ ಕೆಳಗೆ ಬರುವಾಗ ಒಂದು ಪುಟ್ಟ ಮೂಳೆಯ ಸೇತುವೆ ಅದನ್ನು ಮುಚ್ಚಿಬಿಡುತ್ತದೆ. ನನ್ನದರಲ್ಲಿ ಸೇತುವೆ ಇತ್ತು, ಮಣ್ಣು ಮೆತ್ತಿಕೊಂಡಿದ್ದರಿಂದ ಕಂಡಿರಲಿಲ್ಲ. ಮೆತ್ತನೆಯ ಬ್ರಷ್ ತಗೊಂಡು ಉಜ್ಜಿದ ಮೇಲೆ ನಾಚಿಕೆಯಾಯಿತು.

ಈಗ ದೂರು. ಮೂರನೇ ದಿನ ಒಂದು ಹಿಮ್ಮಡಿ ಮೂಳೆ ಇಟ್ಟುಕೊಂಡು ಆಡಿನ ಡಬ್ಬಿಯೊಂದನ್ನು ತೆರೆದೆ. ಎರಡೂ ಎಷ್ಟು ಚೆನ್ನಾಗಿ ಹೊಂದಿದವು ಅಂದರೆ ಸಂತೋಷದಿಂದ ‘ಆಡು’ ಅಂತ ಬರೆದು ಟೀ ಕುಡಿಯಲು ಹೋದೆ. ವಾಪಸ್ ಬಂದು ಮೂಳೆ ಒಳಗಿಡುವಾಗ ಅದರ ಮೇಲಿನ ಸಂಖ್ಯೆ ಕಣ್ಣಿಗೆ ಬಿತ್ತು. ಡಬ್ಬಿ 41, ಮೂಳೆಯ ಮೇಲೆ 14. ರಿಜಿಸ್ಟರ್ ತೆಗೆದು ನೋಡಿದರೆ 14 ಒಂದು ಕುರಿ! ಯಾರೋ ಹಿಂದೆ ಬಂದವರು ಎರಡೂ ಡಬ್ಬಿ ಒಟ್ಟಿಗೆ ಬಿಚ್ಚಿ, ಸಂಜೆ ಅವಸರದಲ್ಲಿ ಅದಲುಬದಲು ಹಾಕಿಟ್ಟು ಹೋಗಿದ್ದಾರೆ. ಪುಣ್ಯಕ್ಕೆ ಪ್ರತಿ ಮೂಳೆಯ ಮೇಲೂ ಇಂಕಿನಲ್ಲಿ ಸಂಖ್ಯೆ ಬರೆದು ಮೇಲೆ ಪಾರದರ್ಶಕ ಲೇಪನ ಕೊಟ್ಟಿದ್ದರು. ಪ್ರತಿ ಮೂಳೆ ಅಂದೆ, ಆದರೆ ಪೂರ್ತಿ ನಿಜ ಅಲ್ಲ. ಮಣಿಕಟ್ಟಿನ ಸಣ್ಣ ಮೂಳೆಗಳ ಮೇಲೆ ಸಂಖ್ಯೆ ಇರಲಿಲ್ಲ, ಬರೀ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ್ದರು. ಅಲ್ಲಿ ಅದಲುಬದಲಾಗಿದ್ದರೆ ದೇವರಿಗೇ ಗೊತ್ತು. ಅವತ್ತಿನಿಂದ ನನ್ನ ಅಭ್ಯಾಸ ಬದಲಾಗಿದೆ. ಡಬ್ಬಿಯ ಹೆಸರು ಓದುವುದಿಲ್ಲ, ಮೂಳೆಯ ಮೇಲಿನ ಸಂಖ್ಯೆ ಓದುತ್ತೇನೆ. ನೀವು ಎಲ್ಲಿಗೇ ಹೋದರೂ ಹೀಗೇ ಮಾಡಿ.

ರಿಜಿಸ್ಟರ್ ಮಾತ್ರ ಚಿನ್ನ. ಗಂಡಾ ಹೆಣ್ಣಾ, ವಯಸ್ಸೆಷ್ಟು, ಬದುಕಿದ್ದಾಗಿನ ತೂಕ, ಎಲ್ಲಿಯದು, ಯಾವತ್ತು ಸತ್ತಿತು, ಹೇಗೆ ಸತ್ತಿತು, ಬೀಜ ಒಡೆದಿದ್ದಾ ಇಲ್ಲವಾ, ಮೂಳೆ ಹೇಗೆ ಶುಚಿ ಮಾಡಿದರು, ಎಲ್ಲ ಇದೆ. ವಯಸ್ಸು ಗೊತ್ತಿರುವ ಅಸ್ಥಿಪಂಜರದ ಬೆಲೆ ಬೇರೆಯೇ. ಎಳೆಯ ಪ್ರಾಣಿಯಲ್ಲಿ ಉದ್ದ ಮೂಳೆಯ ತುದಿಗಳು ಬೇರೆ ಬಿಲ್ಲೆಯ ಹಾಗೆ ಇರುತ್ತವೆ, ಬೆಳೆದಂತೆ ಬೆಸೆದುಕೊಳ್ಳುತ್ತವೆ, ಆದರೆ ಎಲ್ಲವೂ ಒಟ್ಟಿಗೆ ಅಲ್ಲ. ಕುರಿಯ ತೋಳಿನ ಮೂಳೆಯ ಕೆಳತುದಿ ಸುಮಾರು ಒಂದು ವರ್ಷ ತುಂಬುವುದರೊಳಗೆ ಬೆಸೆಯುತ್ತದೆ, ಅದೇ ಮೂಳೆಯ ಮೇಲ್ತುದಿಗೆ ಮೂರು ವರ್ಷದ ಆಚೀಚೆ ಬೇಕು. ಹಾಗಾಗಿ ಒಂದು ತುದಿ ಬೆಸೆದು ಇನ್ನೊಂದು ಬೆಸೆಯದ ಮೂಳೆ ಸಿಕ್ಕರೆ ಆ ಕುರಿ ಯಾವ ವಯಸ್ಸಿನಲ್ಲಿ ಸತ್ತಿತು ಅಂತ ಅಂದಾಜು ಹೇಳಬಹುದು. ದವಡೆ ಸಿಕ್ಕರೆ ಇನ್ನೂ ಒಳ್ಳೆಯದು. ಸೆಬಾಸ್ಟಿಯನ್ ಪೇನ್ 1973ರಲ್ಲಿ ಹಲ್ಲಿನ ಸವೆತ ನೋಡಿ ಕುರಿ ಆಡುಗಳ ವಯಸ್ಸನ್ನು ಒಂಬತ್ತು ಹಂತಗಳಿಗೆ ಹಾಕುವ ಕ್ರಮ ಕೊಟ್ಟರು. ಇಲ್ಲಿ ದವಡೆಗಳನ್ನು ಆ ಒಂಬತ್ತು ಹಂತಕ್ಕೂ ಒಂದೊಂದು ಖಾನೆ ಮಾಡಿ ಜೋಡಿಸಿದ್ದಾರೆ, ಮೊದಲ ಹಂತದ ಖಾನೆ ಮಾತ್ರ ಖಾಲಿ. ಹುಟ್ಟಿದ ಕೆಲವೇ ವಾರದಲ್ಲಿ ಸತ್ತ ಮರಿ ಸಿಕ್ಕಿಲ್ಲವಂತೆ. ಹಾಲಿಗಾಗಿ ಸಾಕುತ್ತಿದ್ದರಾ ಮಾಂಸಕ್ಕಾ ಉಣ್ಣೆಗಾ ಅಂತ ಊಹಿಸುವುದು ಈ ವಯಸ್ಸುಗಳನ್ನು ಒಟ್ಟು ಹಾಕಿ ನೋಡಿಯೇ, ಹಾಗಾಗಿ ಆ ಖಾಲಿ ಖಾನೆ ಸಣ್ಣ ವಿಷಯ ಅಲ್ಲ.

ಮೂಳೆ ಶುಚಿ ಮಾಡಿರುವ ರೀತಿಯಲ್ಲಿ ಎರಡು ತಲೆಮಾರು ಕಾಣುತ್ತದೆ. ಹಳೆಯವನ್ನು ಯಾರೋ ಚೆನ್ನಾಗಿ ಕುದಿಸಿ, ಬ್ಲೀಚಿನಲ್ಲಿ ನೆನೆಸಿದ್ದಾರೆ. ಬೆಳ್ಳಗೆ ಕಾಣುತ್ತವೆ, ಮುಟ್ಟಿದರೆ ಸೀಮೆಸುಣ್ಣದ ಹಾಗೆ ಪುಡಿ. ಬ್ಲೀಚ್ ನಿಲ್ಲುವುದಿಲ್ಲ, ವರ್ಷಗಳ ನಂತರವೂ ಮೂಳೆಯನ್ನು ತಿನ್ನುತ್ತಲೇ ಇರುತ್ತದೆ. ಹೊಸವನ್ನು ಬೆಚ್ಚಗಿನ ನೀರಿನಲ್ಲಿ ಕೊಳೆಸಿ ಅಥವಾ ಡರ್ಮೆಸ್ಟಿಡ್ ಹುಳಗಳಿಗೆ ಬಿಟ್ಟು ಮಾಡಿದ್ದಾರೆ. ಒಣಗಿದ ಮಾಂಸ ತಿನ್ನುವ ಈ ಹುಳಗಳು ಇಲಿಯ ಮೂಗಿನೊಳಗಿನ ಕಾಗದದಂಥ ಮೂಳೆಯನ್ನೂ ಮುರಿಯದೆ ಬಿಡಿಸಿಕೊಡುತ್ತವೆ. ಆಮೇಲೆ ಫ್ರೀಜರಿನಲ್ಲಿಟ್ಟು ಮೊಟ್ಟೆ ಸಮೇತ ಕೊಲ್ಲಬೇಕು, ಇಲ್ಲದಿದ್ದರೆ ಅವು ಸಂಗ್ರಹದ ಕೋಣೆಗೇ ನುಗ್ಗುತ್ತವೆ. ಹಳೆಯ ಹಸು ಒಂದಿದೆ, ಅದರ ಕೊಬ್ಬು ಪೂರ್ತಿ ತೆಗೆದಿಲ್ಲ. ಇಷ್ಟು ವರ್ಷ ಆದರೂ ಎಣ್ಣೆ ಬಿಡುತ್ತಲೇ ಇದೆ, ಡಬ್ಬಿಯ ತಳ ಹಳದಿ, ಚೀಟಿ ಪಾರದರ್ಶಕ, ವಾಸನೆ ಬೇರೆ. ಆ ಡಬ್ಬಿಯನ್ನು ಊಟಕ್ಕೆ ಮುಂಚೆ ತೆರೆಯಬೇಡಿ.

ತಂತಿ ಕಟ್ಟಿ ನಿಲ್ಲಿಸಿದ ನಾಯಿಯೊಂದು ಮೂಲೆಯಲ್ಲಿದೆ. ನೋಡಲು ಚಂದ, ಕೆಲಸಕ್ಕೆ ಬಾರದು. ನಮಗೆ ಬೇಕಾದ ಕೀಲಿನ ಮುಖಗಳೇ ಒಂದರೊಳಗೊಂದು ಮುಚ್ಚಿಹೋಗಿರುತ್ತವೆ.

ಕೋಳಿ ವಿಷಯದಲ್ಲಿ ನಿರಾಸೆ. ನಾಲ್ಕು ಕೋಳಿ ಇವೆ, ನಾಲ್ಕೂ ಬ್ರಾಯ್ಲರ್. ಬ್ರಾಯ್ಲರ್ ಅಂದರೆ ಹುಟ್ಟಿ ಆರೇಳು ವಾರಕ್ಕೆ ಮುಗಿದ ದೈತ್ಯ ಮರಿ. ಮೂಳೆ ದಪ್ಪ, ತುದಿಗಳು ಇನ್ನೂ ಸರಿಯಾಗಿ ಗಟ್ಟಿಯಾಗಿಲ್ಲ. ಸಾವಿರ ವರ್ಷ ಹಿಂದಿನ ಕೋಳಿಯನ್ನು ಇದರ ಪಕ್ಕ ಇಟ್ಟರೆ ಬೇರೆ ಹಕ್ಕಿ ಅನ್ನಿಸುತ್ತದೆ. ಬೇಕಾಗಿದ್ದದ್ದು ಒಂದು ಕಾಡುಕೋಳಿ, ಒಂದು ಮುದಿ ಹುಂಜ, ಒಂದು ಮೊಟ್ಟೆ ಇಡುತ್ತಿದ್ದ ಹೇಂಟೆ. ಹುಂಜದ ಕಾಲಿನ ಮೂಳೆಗೆ ಮುಳ್ಳು ಇರುತ್ತದೆ, ಮೊಟ್ಟೆ ಇಡುವ ಕಾಲದ ಹೇಂಟೆಯ ಮೂಳೆಯ ಟೊಳ್ಳಿನೊಳಗೆ ಸುಣ್ಣ ಕೂಡಿಟ್ಟ ಹಾಗೆ ಒಂದು ಬೇರೆಯೇ ಮೂಳೆ ತುಂಬಿರುತ್ತದೆ, ಮುರಿದ ಚೂರಿನಲ್ಲೂ ಅದು ಕಾಣುತ್ತದೆ. ಇದನ್ನೆಲ್ಲ ನಾನು ಚಿತ್ರದಲ್ಲಿ ನೋಡಿ ತೃಪ್ತಿಪಟ್ಟುಕೊಳ್ಳಬೇಕಾಯಿತು.

ಮೀನು ಕೇಳಲೇಬೇಡಿ. ಮೂರು ಇವೆ, ಒಂದರ ತಲೆ ಅಂಟಿನಲ್ಲಿ ಜೋಡಿಸಿಟ್ಟಿದ್ದಾರೆ. ಮೀನಿನ ತಲೆಯಲ್ಲಿ ನೂರಕ್ಕೂ ಹೆಚ್ಚು ಮೂಳೆ ಇರುತ್ತವೆ, ಅವು ಬಿಡಿಯಾಗಿ ಇದ್ದರೆ ತಾನೇ ಹೋಲಿಸಲು ಆಗುವುದು. ಜೊತೆಗೆ ಮೀನು ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ, ಒಂದೇ ಜಾತಿಯ ಚಿಕ್ಕದು, ನಡುವಿನದು, ದೊಡ್ಡದು ಎಲ್ಲ ಇದ್ದರೆ ಮಾತ್ರ ಸಿಕ್ಕ ಮೂಳೆಯಿಂದ ಮೀನಿನ ಉದ್ದ ಅಂದಾಜು ಮಾಡಬಹುದು. ಪಕ್ಷಪಾತ ಮಾಡಬಾರದು, ತಪ್ಪು ನಮ್ಮ ಕಡೆಯವರದೂ ಇದೆ. ಅಗೆಯುವಾಗ ಮಣ್ಣನ್ನು ಸಣ್ಣ ಜರಡಿ ಹಿಡಿಯದಿದ್ದರೆ ಮೀನಿನ ಮೂಳೆ ಸಿಗುವುದೇ ಕಷ್ಟ, ಆಮೇಲೆ ಇಲ್ಲಿ ಬಂದು ಮೀನಿನ ಡ್ರಾಯರ್ ಖಾಲಿ ಅಂತ ಬೈದರೆ ಏನು ಬಂತು.

ಕುದುರೆ ಡ್ರಾಯರಿನಲ್ಲಿ ಎರಡು ಕುದುರೆ, ಒಂದು ಕತ್ತೆ. ಹೇಸರಗತ್ತೆ ಇಲ್ಲ, ಕಾಡುಕತ್ತೆಯೂ ಇಲ್ಲ. ಇದು ದೊಡ್ಡ ಕೊರತೆ. ಗುಜರಾತಿನ ಸುರ್ಕೋಟಡಾ ಎಂಬ ಹರಪ್ಪ ಕಾಲದ ನೆಲೆಯ ಮೂಳೆಗಳ ಜಗಳ ನೆನಪಿದೆಯಾ? ಹಂಗೇರಿಯ ಪ್ರಾಣಿಮೂಳೆ ತಜ್ಞ ಶಾಂಡೋರ್ ಬೊಕೊನಿ ಅವುಗಳಲ್ಲಿ ಕೆಲವನ್ನು ನೋಡಿ ಸಾಕಿದ ನಿಜವಾದ ಕುದುರೆಯವು ಅಂದರು. ಅದೇ ಕೆಲಸದ ರಿಚರ್ಡ್ ಮೆಡೋ ಮತ್ತು ಅಜಿತಾ ಪಟೇಲ್ ಒಪ್ಪಲಿಲ್ಲ, ಕಚ್ಛದ ಕಡೆಯ ಕಾಡುಕತ್ತೆಯದ್ದಾಗಿರಬಹುದಲ್ಲ ಅನ್ನುವುದು ಈ ಚರ್ಚೆಯ ಗಂಟು. ಹಲ್ಲಿನ ಮಡಿಕೆ, ಬೆರಳ ಮೂಳೆಯ ಅಗಲ, ಇಷ್ಟರ ಮೇಲೆ ಇತಿಹಾಸದ ದೊಡ್ಡ ದೊಡ್ಡ ವಾದಗಳು ನಿಂತಿವೆ. ಕುದುರೆ ಮತ್ತು ಊರಕತ್ತೆ ಮಾತ್ರ ಇಟ್ಟುಕೊಂಡು ಕೂತವನು ಎರಡರಲ್ಲಿ ಒಂದಕ್ಕೆ ಹೊಂದಿಸಿಯೇ ಏಳುತ್ತಾನೆ. ಡ್ರಾಯರಿನಲ್ಲಿ ಇಲ್ಲದ ಪ್ರಾಣಿ ಯಾರ ವರದಿಯಲ್ಲೂ ಬರುವುದಿಲ್ಲ. ನನ್ನ ಹತ್ತಿರವೂ ಅಂಥ ಒಂದು ಹಲ್ಲಿತ್ತು, ‘ಕುದುರೆ ಜಾತಿ’ ಅಂತಷ್ಟೇ ಬರೆದು ವಾಪಸ್ ತಂದೆ.

ಇವೆಲ್ಲ ಈಗ ಆನ್‌ಲೈನ್‌ನಲ್ಲೇ ಇವೆಯಲ್ಲ, ಅಷ್ಟು ದೂರ ಯಾಕೆ ಹೋಗಬೇಕು ಅಂತ ಒಬ್ಬ ಗೆಳೆಯ ಕೇಳಿದ. ಇವೆ, ನಾನೂ ಬಳಸುತ್ತೇನೆ. ಮಾರ್ಫೋಸೋರ್ಸ್ ಅನ್ನುವ ತಾಣದಲ್ಲಿ ಮೂಳೆಗಳ ತ್ರೀಡಿ ಸ್ಕ್ಯಾನ್ ತಿರುಗಿಸಿ ತಿರುಗಿಸಿ ನೋಡಬಹುದು. ಉತ್ತರ ಧ್ರುವದ ಕಡೆಯ ಪ್ರಾಣಿಗಳಿಗೆ ಅಮೆರಿಕದ ಇಡಾಹೊದವರು ಮಾಡಿದ ತಾಣ ಇದೆ, ಮೀನಿನ ಮೂಳೆಗೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಚಿತ್ರಗಳಿವೆ. ಹೋಗುವ ಮುಂಚೆ ಓದಿಕೊಂಡು ಹೋಗಲು ಇವು ತುಂಬಾ ಒಳ್ಳೆಯವು. ಆದರೆ ಪರದೆಯ ಮೇಲೆ ಗಾತ್ರ ಮೋಸ ಮಾಡುತ್ತದೆ, ಮೊಲವೂ ದನವೂ ಒಂದೇ ಅಳತೆಗೆ ಬಂದು ನಿಲ್ಲುತ್ತವೆ. ಹಕ್ಕಿಯ ಮೂಳೆ ಎಷ್ಟು ಹಗುರ, ಗೋಡೆ ಎಷ್ಟು ತೆಳು ಅನ್ನುವುದು ಬೆರಳಿಗೆ ಗೊತ್ತಾಗಬೇಕು. ನಮ್ಮ ಚೂರುಗಳು ಪೂರ್ತಿ ಇರುವುದೂ ಇಲ್ಲ. ಮುರಿದಿರುತ್ತವೆ, ನಾಯಿ ಕಡಿದಿರುತ್ತವೆ, ಸುಟ್ಟಿರುತ್ತವೆ. ಜೋರು ಬೆಂಕಿಗೆ ಬಿದ್ದು ಬೆಳ್ಳಗಾದ ಮೂಳೆ ಕುಗ್ಗಿಯೂ ಇರುತ್ತದೆ, ಅಳತೆ ನಂಬಿದರೆ ಕೆಟ್ಟೆವು.

ಇನ್ನೊಬ್ಬರು ಝೂಮ್ಸ್ ಮಾಡಿಸಿ ಅಂದರು. ಮೂಳೆಯ ಕೊಲಾಜೆನ್ ಪ್ರೋಟೀನಿನ ತುಣುಕುಗಳ ತೂಕ ನೋಡಿ ಪ್ರಾಣಿ ಗುರುತಿಸುವ ವಿಧಾನ ಅದು, ಉಗುರಿನಷ್ಟು ಚೂರಿನಲ್ಲೂ ಕುರಿ ಆಡು ಬೇರೆ ಮಾಡಬಹುದು. ಕೊಲಾಜೆನ್ ಉಳಿದಿದ್ದರೆ ಸರಿ. ಸಾವಿರಾರು ಚೂರಿಗೆ ಮಾಡಿಸಲು ಯಾರಿಗೂ ಆಗುವುದಿಲ್ಲ, ವಯಸ್ಸು, ಕೊಯ್ದ ಗುರುತು, ಎಡ ಬಲ ಇದ್ಯಾವುದನ್ನೂ ಅದು ಹೇಳುವುದಿಲ್ಲ. ನಾನು ಅನುಮಾನದ ಆರು ಚೂರು ಮಾತ್ರ ಕಳಿಸಿದ್ದೇನೆ.

ಜಾಗದ ಬಗ್ಗೆ ಒಂದೆರಡು ಮಾತು. ಮೇಜು ದೊಡ್ಡದು, ಬೆಳಕು ಸಾಲದು, ಸ್ವಂತ ಟೇಬಲ್ ಲ್ಯಾಂಪ್ ಮತ್ತು ಭೂತಗನ್ನಡಿ ತಗೊಂಡು ಹೋಗಿ. ಕ್ಯಾಲಿಪರ್ ಕೊಡುತ್ತಾರೆ. ಆಂಗೆಲಾ ಫೊನ್ ಡೆನ್ ಡ್ರೀಶ್ ಅವರ 1976ರ ಅಳತೆ ಕೈಪಿಡಿ ಮೇಜಿನ ಮೇಲೇ ಇದೆ, ಪುಟ ಕಿತ್ತುಬಂದಿದ್ದರೂ ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅನ್ನುವ ಚಿತ್ರಗಳು ನೆಟ್ಟಗಿವೆ. ಉತ್ಖನನದ ಮೂಳೆ ಮತ್ತು ಸಂಗ್ರಹದ ಮೂಳೆ ಒಂದೇ ಟ್ರೇಯಲ್ಲಿ ಇಡಬಾರದು ಅನ್ನುವ ನಿಯಮ ಕಟ್ಟುನಿಟ್ಟು, ಮೊದಲು ಕಿರಿಕಿರಿ ಅನ್ನಿಸಿತು, 41 ಮತ್ತು 14ರ ಕಥೆ ಆದ ಮೇಲೆ ಬಾಯಿ ಮುಚ್ಚಿಕೊಂಡೆ.

ನೋಡಿಕೊಳ್ಳುವ ಮೇಡಂ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಕೇಳಿದರೆ ಉತ್ತರ ಹೇಳುವುದಿಲ್ಲ, ಟ್ರೇ ತಂದಿಟ್ಟು ಹೋಗುತ್ತಾರೆ. ಒಮ್ಮೆ ಪಾದದ ಮೂಳೆಗಳ ಗುಂಪೊಂದನ್ನು ನೋಡಿ ನಾನು ಗಾಬರಿಯಿಂದ ‘ಮೇಡಂ, ಇದು ಮನುಷ್ಯರದು, ಕೆಲಸ ನಿಲ್ಲಿಸಬೇಕು’ ಅಂದೆ. ಅವರು ಏನೂ ಮಾತಾಡದೆ ಕರಡಿಯ ಪಂಜ ತಂದು ಪಕ್ಕದಲ್ಲಿಟ್ಟರು. ಉಗುರಿನ ಮೂಳೆ ತೆಗೆದರೆ ಕರಡಿಯ ಪಂಜ ಮನುಷ್ಯನ ಕೈಕಾಲಿನ ಹಾಗೇ ಕಾಣುತ್ತದೆ. ಕರಡಿ ಯಾಕೆ ಇಟ್ಟಿದ್ದಾರೆ ಅಂತ ಮೊದಲ ದಿನ ಮೂಗು ಮುರಿದಿದ್ದೆ, ಆ ಮಾತು ವಾಪಸ್ ತಗೊಂಡಿದ್ದೇನೆ. ಹುಲಿಯ ಮಾತು ಹಾಗೇ ಇರಲಿ.

ಹೊರಡುವ ದಿನ ಬಾಗಿಲಿಗೆ ಅಂಟಿಸಿದ್ದ ‘ಬೇಕಾಗಿವೆ’ ಪಟ್ಟಿಯಲ್ಲಿ ಮುದಿ ಹುಂಜ, ಹೇಂಟೆ, ಹೇಸರಗತ್ತೆ, ಎಳೆಯ ಕುರಿಮರಿ ಅಂತ ನಾನೂ ಸೇರಿಸಿದೆ. ಮೇಡಂ ಓದಿ, ‘ಬರೆಯುವುದು ಸುಲಭ. ಸತ್ತದ್ದು ಸಿಕ್ಕರೆ ತೂಕ ನೋಡಿ, ತಾರೀಖು ಬರೆದು, ಚರ್ಮ ಸುಲಿಯದೆ ಕೊಡಿ. ಕಾಡುಪ್ರಾಣಿಯಾದರೆ ಮುಟ್ಟಬೇಡಿ, ಅನುಮತಿ ಬೇಕು, ನನಗೆ ಫೋನ್ ಮಾಡಿ’ ಅಂದರು. ಕಳೆದ ವಾರ ಅವರದೇ ಮೆಸೇಜು ಬಂದಿದೆ: ಹೇಸರಗತ್ತೆ ಸಿಕ್ಕಿದೆ, ಮಾಂಸ ಕರಗಲಿ ಅಂತ ಹೂತಿಟ್ಟಿದ್ದೇವೆ, ಈ ವರ್ಷ ಬರಬೇಡಿ.